ಮಂಡಿ ಟೈರಲ್ಲ ಸ್ವಾಮಿ

ಮಂಡಿನೋವಿನವರೂ ನಡೆಯಬೇಕು ಎಂದು ಬರೆದದ್ದಕ್ಕೆ ಬಂದ ಪತ್ರಗಳಲ್ಲಿ ಅರ್ಧ ಬೈಗುಳ. "ಸವೆದ ಟೈರಿನಲ್ಲಿ ಗಾಡಿ ಓಡಿಸಿ ಅಂತೀರಲ್ಲ, ನಿಮಗೆ ಮಂಡಿ ನೋವು ಬಂದಿಲ್ಲ ಅಂತ ಕಾಣುತ್ತೆ" ಎಂದಿದ್ದಾರೆ ಹಿರಿಯರೊಬ್ಬರು. ಬಂದಿದೆ ಸ್ವಾಮಿ, ಬಲಗಾಲಿಗೆ. ಈಗಷ್ಟೇ ಕುರ್ಚಿಯಿಂದ ಏಳುವಾಗಲೂ ಲಟಕ್ ಎಂದಿತು.

ಉಳಿದ ತಕರಾರೆಲ್ಲ ಹುಟ್ಟಿದ್ದು ಈ ಟೈರಿನಿಂದಲೇ. ಟೈರು ಉರುಳಿದಷ್ಟೂ ಸವೆಯುವ ಜಡವಸ್ತು. ಮಂಡಿಯೊಳಗಿನ ಮೃದ್ವಸ್ಥಿಗೆ ಜೀವವಿದೆ, ಆದರೆ ರಕ್ತನಾಳವಿಲ್ಲ. ಹೆಜ್ಜೆ ಊರಿದಾಗ ಸ್ಪಂಜಿನಂತೆ ಅದುಮಿಕೊಂಡು, ಎತ್ತಿದಾಗ ಕೀಲಿನ ದ್ರವ ಹೀರಿಯೇ ಅದು ಬದುಕಬೇಕು. ಕದಲದ ಮಂಡಿಗೆ ಉಪವಾಸ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ ಅಥವಾ ಸೊಂಟದ ಕೀಲುಸವೆತ ನೂರಕ್ಕೆ 3.5, ಕೂತೇ ಇರುವವರಲ್ಲಿ 10.2. ಪಂದ್ಯಕ್ಕೆ ಓಡುವವರಲ್ಲಿ 13.3 ಇತ್ತು, ಅದನ್ನೂ ಮುಚ್ಚಿಡುವುದಿಲ್ಲ. ಓಟವೇ ಕಾಪಾಡಿತು ಎಂದು ಇದರಿಂದ ಸಾಧಿಸಲಾಗದು. ಓಡಾಡಿದ್ದಕ್ಕೇ ಸವೆಯಿತು ಎಂಬ ವಾದವಂತೂ ನಿಲ್ಲುವುದಿಲ್ಲ.

"ಎಕ್ಸ್‌ರೇನಲ್ಲಿ ಗ್ಯಾಪ್ ಹೋಗಿದೆಯಲ್ಲ?" ಹೋಗಿರಬಹುದು. ಆ ಫಿಲ್ಮು ನೋವನ್ನು ಅಳೆಯುವುದಿಲ್ಲ. ಮೃದ್ವಸ್ಥಿಗೆ ನರವೂ ಇಲ್ಲ. ನೋಯುವುದು ಅದರಡಿಯ ಮೂಳೆ, ಬಾತ ಕೀಲುಪೊರೆ. ತೊಡೆಯ ಸ್ನಾಯು ಸೋತರಂತೂ ಭಾರವೆಲ್ಲ ಕೀಲಿಗೇ. ಅದಕ್ಕೇ ನಾನು ದಿನಾ ಮಂಡಿಯಡಿ ಟವೆಲ್ ಸುರುಳಿ ಇಟ್ಟು, ಹಾಸಿಗೆಗೆ ಅದುಮಿ, ಐದು ಎಣಿಸಿ ಬಿಡುತ್ತೇನೆ. ಮನೆಯವರಿಗೆ ನಗು. ಮೂರು ವಾರ ಏನೂ ಅನ್ನಿಸಲಿಲ್ಲ. ಎರಡು ತಿಂಗಳಾದ ಮೇಲೆ ಒಂದು ದಿನ ಬಸ್ಸಿನ ಮೆಟ್ಟಿಲಿಗೆ ಬಲಗಾಲನ್ನೇ ಮೊದಲು ಇಟ್ಟಿದ್ದೆ. ಸೀಟು ಸಿಕ್ಕಿ ಕೂತ ಮೇಲೆ ಅದು ಹೊಳೆಯಿತು.

ತೂಕದ ಮಾತೆತ್ತಿದ್ದು ಅವಮಾನ ಎಂದು ಬರೆದ ತಾಯಿಯೊಬ್ಬರ ಸಿಟ್ಟು ನ್ಯಾಯವೇ, ನನ್ನ ಧಾಟಿ ಒರಟಾಗಿತ್ತು. ಲೆಕ್ಕ ಮಾತ್ರ ಬದಲಾಗದು: ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ಗ್ಲುಕೋಸಮೈನ್ ಮಾತ್ರೆ? ಅಮೆರಿಕದಲ್ಲಿ 1,583 ಜನರ ಮೇಲೆ ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಕೊಟ್ಟರು. ಒಟ್ಟಾರೆ ಹುಸಿಮಾತ್ರೆಯನ್ನು ಮೀರಿಸಲಿಲ್ಲ. ತೂತು ಕೊರೆದು "ಕ್ಲೀನ್" ಮಾಡಿಸುವುದು? 2002ರ ಹ್ಯೂಸ್ಟನ್ ಪ್ರಯೋಗದಲ್ಲಿ ಬರೀ ಚರ್ಮ ಕೊಯ್ಯಿಸಿ ಹೊಲಿಸಿಕೊಂಡವರಿಗೂ ಅಷ್ಟೇ ಗುಣ ಕಂಡಿತು.

ಹಾಗೆಂದು ನಾನು ಆಪರೇಷನ್ ವಿರೋಧಿಯಲ್ಲ. ವ್ಯಾಯಾಮ, ಔಷಧಿ ಎಲ್ಲ ಮುಗಿದ ಮೇಲೂ ರಾತ್ರಿ ನಿದ್ದೆಯಿಲ್ಲ, ಬಚ್ಚಲಿಗೂ ಹೋಗಲಾಗದು ಎಂದರೆ ಮಂಡಿ ಬದಲಿಸಿಕೊಳ್ಳಿ. ಹತ್ತರಲ್ಲಿ ಎಂಟು ಕೃತಕ ಮಂಡಿಗಳು 25 ವರ್ಷ ಬಾಳುತ್ತವೆ. ಮೊದಲ ಭೇಟಿಯಲ್ಲೇ ದಿನಾಂಕ ಗೊತ್ತುಮಾಡುವುದಕ್ಕಷ್ಟೇ ನನ್ನ ತಕರಾರು. ಮಂಡಿ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದಿದ್ದರೆ ಈ ಜಗಳವೆಲ್ಲ ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಿ.

ಒಬ್ಬರು ಬೈಯದೆ ಕೇಳಿದ್ದಾರೆ: ಪಂಕ್ತಿಯಲ್ಲಿ ನೆಲಕ್ಕೆ ಕೂತು ಉಣ್ಣಬಹುದೇ? ಏಳಲು ಆಗುವುದಾದರೆ ಧಾರಾಳವಾಗಿ ಕೂರಿ. ನಾನಂತೂ ಟೇಬಲ್ ಪಂಕ್ತಿಗೇ ಹೋಗುತ್ತೇನೆ. ಹೋಳಿಗೆ ಅಲ್ಲೂ ಬರುತ್ತದೆ.