ಅಳಿಯ ತಂದ ಅಂಜಲ್

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ತಾಯಂದಿರು ಈಗ ಕುಂದಾಪುರ, ಕುಮಟೆಯಂಥ ಊರುಗಳಲ್ಲೂ ಅಪರೂಪವಲ್ಲ. ಉಪ್ಪಿನಕಾಯಿ, ಬಾಣಂತಿ ಖಾರ, ಕೊಬ್ಬರಿ ಎಣ್ಣೆ ಎಲ್ಲ ಕಟ್ಟಿಕೊಳ್ಳುತ್ತೀರಿ. ಮಗಳಿರುವುದು ಫ್ಲೋರಿಡಾದಲ್ಲಾಗಿ, ನೀವು ಹೋಗುವುದು ಡಿಸೆಂಬರ್‌ನಿಂದ ಮಾರ್ಚ್ ನಡುವೆ ಆದರೆ, ಈ ಒಂದು ಮಾತನ್ನೂ ಗಂಟಿಗೆ ಸೇರಿಸಿಕೊಳ್ಳಿ.

ಅಮೆರಿಕದ ಉತ್ತರದಲ್ಲಿ ಹಿಮ ಬೀಳುವಾಗ ಫ್ಲೋರಿಡಾದ ತೆಂಕಣ ತುದಿಯಲ್ಲಿ ಹಿತವಾದ ಬಿಸಿಲು. ಮಯಾಮಿಯ ಕೆಳಗಿನಿಂದ ಕೀ ವೆಸ್ಟ್‌ವರೆಗೆ ಮಣಿಸರದ ಹಾಗೆ ದ್ವೀಪಗಳು. ಅವುಗಳ ಆಚೆಯೇ ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚನೆಯ ಪ್ರವಾಹ. ಉತ್ತರದ ನೀರು ತಣ್ಣಗಾಯಿತೋ, ಮೀನುಗಳು ಹಿಂಡುಗಟ್ಟಿ ಇತ್ತ ಬರುತ್ತವೆ. ಅವುಗಳ ಹಿಂದೆಯೇ ಗಾಳ ಹಿಡಿದ ಜನ!

ಅಲ್ಲಿ ಚಾರ್ಟರ್ ಬೋಟ್ ಅಂತ ಇದೆ. ನಾವು ಮದುವೆಗೆ ವ್ಯಾನು ಗೊತ್ತುಮಾಡುವುದಿಲ್ಲವೇ, ಹಾಗೆಯೇ. ಸಾಮಾನ್ಯವಾಗಿ 6 ಜನರವರೆಗೆ ಕರೆದೊಯ್ಯುತ್ತಾರೆ. ಕ್ಯಾಪ್ಟನ್, ಅವನಿಗೊಬ್ಬ ಸಹಾಯಕ. ಗಾಳ, ಐಸು, ಎರೆ, ಲೈಸೆನ್ಸು ಎಲ್ಲ ಅವರದೇ. ಅರ್ಧ ದಿನವೆಂದರೆ 4 ಗಂಟೆ, ಪೂರ್ತಿ ದಿನವೆಂದರೆ 8. ಬಾಡಿಗೆ ನೂರಾರು ಡಾಲರು, ಮೇಲೆ ಸಹಾಯಕನಿಗೆ ನೂರಕ್ಕೆ 15–20ರಂತೆ ಭಕ್ಷೀಸು. ಅದಕ್ಕೇ ಗೆಳೆಯರೆಲ್ಲ ಸೇರಿ ಹಂಚಿಕೊಳ್ಳುವುದು. ಬೆನ್ನ ಮೇಲೆ ಹಾಯಿ ಬಿಚ್ಚಿದಂಥ ರೆಕ್ಕೆಯ ಸೇಲ್‌ಫಿಶ್ ಸಿಕ್ಕರೆ ಸಂಭ್ರಮಪಟ್ಟು, ಬಹುಪಾಲು ಅದನ್ನು ನೀರಿಗೇ ಬಿಟ್ಟುಬಿಡುತ್ತಾರೆ. ಅಷ್ಟು ದುಡ್ಡು ಕೊಟ್ಟು ಹಿಡಿದು ಬಿಡುವುದೇ ಅಂತೀರಾ? ನನಗೂ ಹಾಗೇ ಅನ್ನಿಸುತ್ತದೆ.

ಮನೆಗೆ ಬರುವ ಮೀನು ಬೇರೆ. ಸಂಜೆ ಅಳಿಯಂದಿರು ನಗುನಗುತ್ತ ಚೀಲ ತಂದು, "ಅತ್ತೆ, ಅಂಜಲ್ ತಂದಿದ್ದೇನೆ" ಅನ್ನುತ್ತಾರೆ. ನೋಡಿದರೆ ಅಂಜಲೇ: ಅದೇ ಮೈ, ಅದೇ ಹಲ್ಲು. ಅದು ಕಿಂಗ್ ಮ್ಯಾಕೆರಲ್, ನಮ್ಮ ಅಂಜಲಿನ ದಾಯಾದಿ. ಬಾಣಂತಿಗೆ ಬಲ ಬರಲಿ ಅಂತ ನೀವು ಮೊದಲ ತುಂಡನ್ನು ಮಗಳ ತಟ್ಟೆಗೇ ಹಾಕುತ್ತೀರಿ. ಅಲ್ಲೇ ತಡೆಯಿರಿ.

ಈ ಮೀನಿನಲ್ಲಿ ಪಾದರಸ ಹೆಚ್ಚು. ಚಿಕ್ಕ ಮೀನುಗಳನ್ನು ತಿಂದು ತಿಂದು ವರ್ಷಗಟ್ಟಲೆ ಮೈಯಲ್ಲಿ ಸೇರಿಸಿಕೊಂಡದ್ದು ಅದು. ಬಸುರಿಯರು, ಹಾಲೂಡಿಸುವ ತಾಯಂದಿರು, ಚಿಕ್ಕ ಮಕ್ಕಳು ಇದನ್ನು ತಿನ್ನಲೇಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯೇ ಹೇಳಿದೆ. ಬೆಳೆಯುವ ಕೂಸಿನ ಮಿದುಳಿಗೆ ಅದರಿಂದ ಕೇಡು. ಪಾದರಸ ಕೂತಿರುವುದು ಮಾಂಸದಲ್ಲೇ. ಹುಣಸೆಹುಳಿ ಹಾಕಿದರೂ, ಸಿಪ್ಪೆ ಸುಲಿದರೂ, ಗರಿಗರಿ ಹುರಿದರೂ ಹೋಗದು. ಹಾಲು ಬರಲೆಂದು ನಮ್ಮ ಕಡೆ ಕೊಡುವ ತಾಟೆ, ಅಂದರೆ ಶಾರ್ಕ್, ಅದೂ ಇದೇ ಪಟ್ಟಿಯಲ್ಲಿದೆ! ಅಜ್ಜಿ ಹೇಳಿದ್ದು ಅಂತ ಹಟ ಹಿಡಿಯಬೇಡಿ.

ಹಾಗಾದರೆ ಬಾಣಂತಿಗೆ ಮೀನೇ ಬೇಡವೇ? ಬೇಕು. ಕಿಂಗಿನ ತಮ್ಮ ಸ್ಪ್ಯಾನಿಷ್ ಮ್ಯಾಕೆರಲ್ ಅದೇ ಋತುವಿನಲ್ಲಿ ಸಿಗುತ್ತದೆ; ವಾರಕ್ಕೊಮ್ಮೆ ಸುಮಾರು 110 ಗ್ರಾಂ ಆಗಬಹುದು. ಗುರುತು ಹಿಡಿಯಲು ಪಕ್ಕೆಯ ಉದ್ದದ ಗೆರೆ ನೋಡಿ. ಕಿಂಗಿನಲ್ಲಿ ಅದು ಬೆನ್ನಿನ ಎರಡನೆಯ ರೆಕ್ಕೆಯ ಕೆಳಗೆ ತಟ್ಟನೆ ಕುಸಿಯುತ್ತದೆ, ತಮ್ಮನಲ್ಲಿ ನಿಧಾನಕ್ಕೆ ಇಳಿಯುತ್ತದೆ. ಮೈಮೇಲಿನ ಹೊಂಬಣ್ಣದ ಚುಕ್ಕೆ ನಂಬಬೇಡಿ, ಮರಿ ಕಿಂಗಿಗೂ ಅದು ಇರುತ್ತದೆ. ತುಂಡು ಮಾಡಿ ತಂದರೆ ನಿಮಗೆ ತಿಳಿಯದು. ದಡದಲ್ಲಿ ಮೀನು ಹೆಚ್ಚಿಕೊಡುವ ಸಹಾಯಕನನ್ನೇ ಕೇಳಿ, ಚೀಲದ ಮೇಲೆ ಹೆಸರು ಬರೆಸಿಕೊಂಡು ಬರಲು ಅಳಿಯಂದಿರಿಗೆ ಬೆಳಿಗ್ಗೆಯೇ ಹೇಳಿಡಿ.

ಬರಾಕುಡ ತಂದರೆ ಮನೆಯಲ್ಲಿ ಯಾರಿಗೂ ಬೇಡ. ಬೆಚ್ಚನೆಯ ನೀರಿನ ಹವಳದ ದಿಬ್ಬಗಳಲ್ಲಿ ಬೆಳೆಯುವ ಒಂದು ಸೂಕ್ಷ್ಮಜೀವಿಯ ವಿಷ ಅದರ ಮೈಸೇರಿರಬಹುದು. ಬೇಯಿಸಿದರೂ ಸಾಯದ ವಿಷ. ತಿಂದವರಿಗೆ ವಾಂತಿ, ಭೇದಿ, ತಣ್ಣಗಿದ್ದದ್ದು ಸುಟ್ಟಂತೆ ಅನ್ನಿಸುವುದು.

ಇನ್ನು ಐಸು. ಮ್ಯಾಕೆರಲ್ ಜಾತಿಯ ಮೀನು ಬಿಸಿಲಲ್ಲಿ ಕೂತರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ, ವಾಸನೆ ಬರದಿದ್ದರೂ ಸರಿ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ ತಲೆ ಸಿಡಿಯುತ್ತದೆ. ಹಿಡಿದ ಕ್ಷಣದಿಂದ ನಿಮ್ಮ ಫ್ರಿಜ್ ಸೇರುವತನಕ ಐಸಿನಲ್ಲೇ ಇತ್ತೇ ಎಂದು ಕೇಳಲು ನಾಚಿಕೆ ಬೇಡ.

ಸರಿಯಾದ ಮೀನೇ ಬಂದಿದ್ದರೆ ಉಪ್ಪು, ಅರಿಸಿನ, ಮೆಣಸಿನ ಪುಡಿ, ಹುಣಸೆರಸ ಸವರಿ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಸಣ್ಣ ಉರಿಯಲ್ಲಿ ಎರಡೂ ಕಡೆ ಕಾಯಿಸಿ. ಬಾಣಂತಿಯ ಪಾಲಿಗೆ ಖಾರ ಕಡಿಮೆ. ಒಲೆಯ ಮೇಲಿನ ಫ್ಯಾನು ಮೊದಲೇ ಹಾಕಿಬಿಡಿ. ಆ ಮನೆಗಳಲ್ಲಿ ಒಗ್ಗರಣೆಯ ಹೊಗೆಗೂ ಗಂಟೆ ಹೊಡೆದುಕೊಳ್ಳುತ್ತದೆ, ಮಲಗಿದ ಕೂಸು ಎದ್ದುಬಿಡುತ್ತದೆ.