ಎರಡಾಣೆಯ ಪಾಠ



'ವ್ಯಾಪಾರವು ಅಂಗಡಿಯ ಗಾದಿಯ ಮೇಲೆ ಕುಳಿತು ಕಲಿಯುವ ವಿದ್ಯೆ. ಅದಕ್ಕೆ ಕಾಲೇಜು ಏತಕ್ಕೆ?' ಎಂಬ ಮಾತು ನಮ್ಮ ಶಿರಸಿಯ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಅಡಿಕೆ ಬೆಳೆಗಾರರು 1923ರಲ್ಲಿಯೇ ತಮ್ಮದೇ ಆದ ಮಾರಾಟ ಸಹಕಾರಿ ಸಂಘವನ್ನು ಕಟ್ಟಿಕೊಂಡ ಊರು ಇದು. ಇಲ್ಲಿ ಲೆಕ್ಕ ಬಲ್ಲ ಹಿರಿಯರಿಗೆ ಕೊರತೆಯಿಲ್ಲ. ಆದುದರಿಂದ ಈ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಆದರೆ ದೇವಿಮನೆ ಘಟ್ಟವನ್ನಿಳಿದು, ಕುಮಟಾ, ಹೊನ್ನಾವರ, ಭಟ್ಕಳ, ಕುಂದಾಪುರಗಳನ್ನು ದಾಟಿದರೆ ಸಿಗುವ ಮಣಿಪಾಲವೆಂಬ ಸಣ್ಣ ಊರಿನ ಒಂದು ಕುಟುಂಬವು ಇದೇ ಪ್ರಶ್ನೆಗೆ ನೀಡಿದ ಉತ್ತರವನ್ನು ಈ ತಿಂಗಳು ಓದುಗರ ಮುಂದಿಡಲು ಬಯಸುತ್ತೇವೆ.

1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ಅವರ ತಮ್ಮ ಡಾ. ಟಿ. ಎಂ. ಎ. ಪೈ ಮತ್ತು ವಾಮನ ಶ್ರೀನಿವಾಸ ಕುಡ್ವ ಇವರು ಕೂಡಿ ಎಂಟು ಸಾವಿರ ರೂಪಾಯಿಗಳ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಆ ಕಾಲದಲ್ಲಿ ಕರಾವಳಿಯ ನೇಕಾರರು ಸಂಕಷ್ಟದಲ್ಲಿದ್ದರು. ಅವರಿಗೆ ನೆರವಾಗುವುದೇ ಉದ್ದೇಶವಾಗಿತ್ತು. ಇದೇ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು.

1928ರಲ್ಲಿ ಇವರು ಪಿಗ್ಮಿ ಠೇವಣಿಯನ್ನು ಜಾರಿಗೆ ತಂದರು. ಬ್ಯಾಂಕಿನ ಪ್ರತಿನಿಧಿಯೇ ದಿನವೂ ಮನೆಬಾಗಿಲಿಗೆ ಬರುತ್ತಿದ್ದನು. ಎರಡಾಣೆ ಕೊಟ್ಟರೂ ಸ್ವೀಕರಿಸಿ ಬರೆದುಕೊಳ್ಳುತ್ತಿದ್ದನು. ದಿನಕ್ಕೆ ಎರಡಾಣೆಯಂತೆ ಉಳಿಸಿದ ಗೃಹಿಣಿಯ ಕೈಯಲ್ಲಿ ವರ್ಷ ತುಂಬುವಾಗ ನಲವತ್ತೈದು ರೂಪಾಯಿ ಹತ್ತಾಣೆ ಕೂಡಿರುತ್ತಿತ್ತು. ಬಡವನಿಗೆ ಉಳಿತಾಯ ಮಾಡುವ ಬುದ್ಧಿಯಿಲ್ಲವೆಂದು ದೊಡ್ಡವರು ಹೇಳುತ್ತಿದ್ದ ಕಾಲವದು. ಬುದ್ಧಿ ಇತ್ತು, ಬಾಗಿಲಿಗೆ ಬರುವವರು ಇರಲಿಲ್ಲ ಎಂಬುದನ್ನು ಈ ಯೋಜನೆ ತೋರಿಸಿಕೊಟ್ಟಿತು. ವ್ಯವಹಾರ ಶಾಸ್ತ್ರದ ಮೊದಲ ಪಾಠ ಇದೇ ಎಂದು ನಾವು ತಿಳಿಯುತ್ತೇವೆ.

ಉಪೇಂದ್ರ ಪೈಗಳ ಪುತ್ರ ಟಿ. ಎ. ಪೈ (1922–1981) ಈ ಪಾಠವನ್ನು ಮನೆಯಲ್ಲಿಯೇ ಕಲಿತರು. ಆದರೂ ಕುಟುಂಬವು ಅವರನ್ನು ಮುಂಬಯಿಯ ಸಿಡೆನ್‌ಹ್ಯಾಮ್ ವಾಣಿಜ್ಯ ಕಾಲೇಜಿಗೆ ಕಳುಹಿಸಿತು. ಗಾದಿಯ ಅನುಭವವೂ ಗ್ರಂಥದ ಜ್ಞಾನವೂ ಒಬ್ಬರಲ್ಲಿಯೇ ಕೂಡಿದಾಗ ಏನಾಗಬಹುದೆಂಬುದಕ್ಕೆ ಅವರ ಜೀವನವೇ ಸಾಕ್ಷಿ. ಬ್ಯಾಂಕಿನ ಹೊಣೆ ಹೊತ್ತು ಅದನ್ನು ಹಳ್ಳಿಹಳ್ಳಿಗೆ ಒಯ್ದರು. 1965ರಲ್ಲಿ ಭಾರತೀಯ ಆಹಾರ ನಿಗಮದ ಪ್ರಥಮ ಅಧ್ಯಕ್ಷರಾದರು. ಬಳಿಕ ಜೀವ ವಿಮಾ ನಿಗಮದ ಅಧ್ಯಕ್ಷರಾಗಿ, ಕೇಂದ್ರದಲ್ಲಿ ಮಂತ್ರಿಗಳಾಗಿ ದುಡಿದರು.

ಅವರ ಚಿಕ್ಕಪ್ಪ ಡಾ. ಟಿ. ಎಂ. ಎ. ಪೈಗಳು ಮಣಿಪಾಲದ ಬರಡು ಗುಡ್ಡವನ್ನೇ ವಿದ್ಯಾಕ್ಷೇತ್ರವನ್ನಾಗಿ ಮಾಡಿದವರು. 1949ರಲ್ಲಿ ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು, 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಅವರ ಸಂಕಲ್ಪದ ಫಲಗಳು. ಈ ಪರಂಪರೆಗೆ ಟಿ. ಎ. ಪೈಗಳು 1980ರಲ್ಲಿ ವ್ಯವಹಾರಾಡಳಿತದ ವಿದ್ಯಾಲಯವನ್ನು ಸೇರಿಸಿದರು. ಕಲ್ಕತ್ತಾ ಮತ್ತು ಅಹಮದಾಬಾದಿನಲ್ಲಿ 1961ರಲ್ಲಿ, ಬೆಂಗಳೂರಿನಲ್ಲಿ 1973ರಲ್ಲಿ ಇಂತಹ ಸಂಸ್ಥೆಗಳು ಹುಟ್ಟಿದ್ದವು. ಅವು ಸರಕಾರದ ಆಸರೆಯಲ್ಲಿ ಮಹಾನಗರಗಳಲ್ಲಿ ಬೆಳೆದವು. ಸಣ್ಣ ಊರಿನಲ್ಲಿ, ಒಂದು ಕುಟುಂಬದ ಹಂಬಲದಿಂದ ಅಂತಹುದನ್ನು ಕಟ್ಟುವುದು ಸಾಹಸವೇ ಸರಿ. ಸಂಸ್ಥಾಪಕರು ಮರುವರ್ಷವೇ, 1981ರಲ್ಲಿ, ಕಾಲವಶರಾದರು. ನೆಟ್ಟ ಸಸಿಯ ನೆರಳನ್ನು ಅವರು ಕಾಣಲಿಲ್ಲ. ವಿದ್ಯಾಲಯವು ಇಂದಿಗೂ ಅವರ ಹೆಸರನ್ನೇ ಧರಿಸಿ ನಡೆದಿದೆ.

ಇನ್ನು ಆ ಬ್ಯಾಂಕಿನ ಗತಿಯನ್ನು ನೋಡಿ. 1969ರಲ್ಲಿ ರಾಷ್ಟ್ರೀಕರಣವಾಗಿ ಅದು ಕುಟುಂಬದ ಕೈಬಿಟ್ಟಿತು. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಆ ಹೆಸರೂ ಅಳಿಯಿತು. ಒಂದು ಮನೆತನವು ತಲೆಮಾರುಗಳ ಕಾಲ ಬೆಳೆಸಿದ ವ್ಯವಹಾರ ಕೈಬಿಟ್ಟರೂ ಅದೇ ಮನೆತನ ಊರಿಗೆ ಕೊಟ್ಟ ವಿದ್ಯೆ ಉಳಿದಿದೆ. ಆಸ್ತಿಯ ಪಾಲಿಗಾಗಿ ಅಣ್ಣತಮ್ಮಂದಿರು ಕಚೇರಿಯ ಮೆಟ್ಟಿಲು ಹತ್ತುವ ಈ ದಿನಗಳಲ್ಲಿ ಇದನ್ನು ನಾವೆಲ್ಲ ಮನಸ್ಸಿಗೆ ತಂದುಕೊಳ್ಳಬೇಕು.

ಹಾಗೆಂದು ಎಲ್ಲವೂ ಸುಗಮವೆಂದು ನಾವು ಹೇಳುವುದಿಲ್ಲ. ಖಾಸಗಿ ವಿದ್ಯಾಲಯ ನಡೆಯುವುದು ವಿದ್ಯಾರ್ಥಿಗಳ ಶುಲ್ಕದಿಂದ. ತೋಟವನ್ನು ಒತ್ತೆಯಿಟ್ಟು ಮಕ್ಕಳನ್ನು ಓದಿಸುವ ತಂದೆತಾಯಂದಿರ ಚಿಂತೆ ನಿಜವಾದದ್ದು. ಮಣಿಪಾಲದ ಪೈ ಪ್ರತಿಷ್ಠಾನದ ಹೆಸರಿನಲ್ಲಿಯೇ ಪ್ರಸಿದ್ಧವಾದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠವು 2002ರಲ್ಲಿ ತೀರ್ಪು ನೀಡಿ, ಖಾಸಗಿಯವರು ವಿದ್ಯಾಸಂಸ್ಥೆ ನಡೆಸುವ ಹಕ್ಕನ್ನು ಎತ್ತಿಹಿಡಿಯಿತು; ಜೊತೆಗೆ ಸಂಸ್ಥೆಯ ಬೆಳವಣಿಗೆಗೆ ಬೇಕಾದಷ್ಟು ಉಳಿಕೆ ಇರಬಹುದು, ಲಾಭಕೋರತನ ಸಲ್ಲದು ಎಂದೂ ವಿಧಿಸಿತು. ವಿದ್ಯೆಯನ್ನು ದಾಸೋಹವೆಂದು ಭಾವಿಸುವ ನಮಗೆ ಈ ಮಾತು ಹೊಸದಲ್ಲ; ಪಾಲಿಸುವುದು ಮಾತ್ರ ಇಂದಿಗೂ ಕಠಿಣ.

ನಮ್ಮ ಸಮಾಜದಲ್ಲಿಯೂ ಇಂತಹ ಕಾಯಕ ನಡೆದಿದೆ. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು, ಹುಬ್ಬಳ್ಳಿಯಲ್ಲಿ ಆ ಸಂಸ್ಥೆಯ ಜಗದ್ಗುರು ಗಂಗಾಧರ ವಾಣಿಜ್ಯ ಮಹಾವಿದ್ಯಾಲಯವು 1947ರಲ್ಲಿ ಆರಂಭವಾಯಿತು. ಅಲ್ಲಿ ರಕ್ತಸಂಬಂಧದ ಕುಟುಂಬವಿರಲಿಲ್ಲ, ಸಂಕಲ್ಪದ ಕುಟುಂಬವಿತ್ತು.

ಆದಕಾರಣ, ಮಗನಿಗಾಗಲಿ ಮಗಳಿಗಾಗಲಿ ವಾಣಿಜ್ಯ ವಿದ್ಯೆ ಬೇಕೆ ಎಂದು ಮನೆಯಲ್ಲಿ ಚರ್ಚೆ ನಡೆದಾಗ, ಗಾದಿಯನ್ನೂ ಕಾಲೇಜನ್ನೂ ಎದುರಾಳಿಗಳಂತೆ ನಿಲ್ಲಿಸಬೇಡಿ. ಮನೆಯ ದಿನಖರ್ಚಿನ ಪುಸ್ತಕವನ್ನು ಇಂದಿನಿಂದಲೇ ಅವರ ಕೈಗೆ ಕೊಡಿ, ಮುಂದೆ ಕಾಲೇಜಿಗೂ ಕಳುಹಿಸಿ. ಎರಡಾಣೆಯ ಬೆಲೆಯನ್ನು ಮನೆ ಕಲಿಸಲಿ. ಅದರಿಂದ ಊರನ್ನು ಕಟ್ಟುವ ಬಗೆಯನ್ನು ವಿದ್ಯಾಲಯ ಕಲಿಸಲಿ.