ಕೊಂಡು ತಂದ ಭೂತ, ಕೈಯಾರೆ ಮಾಡಿದ ದೀಪ

ಸಂಘದ ಬಂಧುಗಳ ಮುಂದೆ ಒಂದು ವಿಷಯವನ್ನು ಸ್ವಲ್ಪ ಖಾರವಾಗಿಯೇ ಇಡಬೇಕಾಗಿದೆ. ಅಕ್ಟೋಬರ್ ತಿಂಗಳು ಬಂತೆಂದರೆ ಸಾಕು, ವಿಶಾಖಪಟ್ಟಣದಲ್ಲಾಗಲಿ ವಿಜಯವಾಡದಲ್ಲಾಗಲಿ ನಮ್ಮ ಮಕ್ಕಳ ಶಾಲೆಯ ಡೈರಿಯಲ್ಲಿ, ಅಪಾರ್ಟ್‌ಮೆಂಟಿನ ಸೂಚನಾ ಫಲಕದಲ್ಲಿ ‘ಹ್ಯಾಲೋವೀನ್’ ಎಂಬ ಹೆಸರು ಕಾಣಿಸಿಕೊಳ್ಳತೊಡಗಿದೆ. 31ರಂದು ಮಗು ಭೂತವಾಗಿಯೋ ಮಾಟಗಾತಿಯಾಗಿಯೋ ಬರಬೇಕಂತೆ. ಅಮ್ಮ ಫೋನಿನಲ್ಲಿ ಬೆರಳಾಡಿಸುತ್ತಾರೆ, ಅಪ್ಪ ಹಣ ಕಟ್ಟುತ್ತಾರೆ, ಮೂರನೆಯ ದಿನ ರಟ್ಟಿನ ಡಬ್ಬಿಯಲ್ಲಿ ಪ್ಲಾಸ್ಟಿಕ್ಕಿನ ಭೂತ ಮನೆಗೆ ಆಗಮಿಸುತ್ತದೆ. ನವೆಂಬರ್ 2ರ ಹೊತ್ತಿಗೆ ಅದು ಕಸದ ಬುಟ್ಟಿಯಲ್ಲಿರುತ್ತದೆ.

ಈ ವಿಚಾರದಲ್ಲಿ ನಮ್ಮ ಸದಸ್ಯರಲ್ಲಿ ಎರಡು ಪಕ್ಷಗಳಾಗಿವೆ. ‘ಕಾಲಕ್ಕೆ ತಕ್ಕ ಕೋಲ, ಮಕ್ಕಳ ಸಂತೋಷಕ್ಕೆ ಏಕೆ ಅಡ್ಡಿ?’ ಎನ್ನುವವರದು ಒಂದು. ‘ಪರದೇಶದ ಪಿಶಾಚಿ ನಮಗೇಕೆ? ನಮ್ಮ ಮಕ್ಕಳನ್ನು ಅತ್ತ ಕಳುಹಿಸಲೇಬಾರದು’ ಎಂದು ಕಾರ್ಯಕಾರಿ ಸಮಿತಿಯಲ್ಲಿ ಗುಡುಗುವವರದು ಇನ್ನೊಂದು. ನಮಗೆ ಇಬ್ಬರ ಮಾತೂ ಒಪ್ಪಿಗೆಯಿಲ್ಲ. ಮೊದಲನೆಯವರು ಸಂತೋಷಕ್ಕೂ ಖರೀದಿಗೂ ವ್ಯತ್ಯಾಸ ಕಾಣುತ್ತಿಲ್ಲ. ಎರಡನೆಯವರು ತಮ್ಮ ಮನೆಯ ಅಟ್ಟದ ಮೇಲೆ ಏನಿತ್ತೆಂಬುದನ್ನೇ ಮರೆತಿದ್ದಾರೆ.

ಇದು ಬರಿಯ ಅಭಿರುಚಿಯ ಜಗಳವಲ್ಲವೆಂಬುದಕ್ಕೆ ಒಂದು ನಿದರ್ಶನ ಕೊಡುತ್ತೇವೆ. ಹೋದ ವರ್ಷ ನಮ್ಮ ಸಂಘದ ಸದಸ್ಯರೊಬ್ಬರ ಮಗಳು, ಮೂರನೆಯ ತರಗತಿಯ ಹುಡುಗಿ, ಆ ದಿನ ಶಾಲೆಗೆ ಹೋಗಲಿಲ್ಲ. ತಂದೆ ಹೋಟೆಲೊಂದರಲ್ಲಿ ಅಡುಗೆಯವರು. ಮಗಳಿಗೆ ಜ್ವರವೆಂದು ಚೀಟಿ ಬರೆದು ಕಳುಹಿಸಿದರು. ಜ್ವರ ಬಂದಿರಲಿಲ್ಲ. ವೇಷದ ಬೆಲೆ ಅವರ ಎರಡು ದಿನದ ಸಂಬಳವಾಗಿತ್ತು, ಅಷ್ಟೆ. ಇದ್ದವರ ಮಕ್ಕಳು ಭೂತಗಳಾಗಿ ಕುಣಿದರು, ಇಲ್ಲದವರ ಮಗು ಸುಳ್ಳು ಜ್ವರ ಹೊದ್ದು ಮಲಗಿತು. ಹಬ್ಬ ಯಾವ ದೇಶದ್ದೇ ಆಗಲಿ, ಎಂಟು ವರ್ಷದ ಮಗುವಿಗೆ ತನ್ನ ಅಪ್ಪನ ಸಂಬಳವನ್ನು ಲೆಕ್ಕ ಹಾಕಲು ಕಲಿಸುವುದಾದರೆ ಅದರಲ್ಲಿ ಎಲ್ಲೋ ಐಬು ಇದೆ. ಐಬು ಭೂತದಲ್ಲಿಲ್ಲ, ರಟ್ಟಿನ ಡಬ್ಬಿಯಲ್ಲಿದೆ ಎಂಬುದೇ ನಮ್ಮ ವಾದ.

ಪರದೇಶದ ಪಿಶಾಚಿಯೆಂದು ಹೀಗಳೆಯುವವರು ಆ ಹಬ್ಬದ ಪೂರ್ವೋತ್ತರವನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ರೈತರು ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಹೊತ್ತಿನಲ್ಲಿ, ಸತ್ತವರ ಆತ್ಮಗಳು ಅಲೆದಾಡುತ್ತವೆಂದು ನಂಬಿ ಆಚರಿಸುತ್ತಿದ್ದ ರಾತ್ರಿ ಅದು. ನಮ್ಮ ಮಹಾಲಯ ಅಮಾವಾಸ್ಯೆಯಲ್ಲಿ ಹಿರಿಯರಿಗೆ ಎಡೆಯಿಟ್ಟು ಹೆದರಿಕೆ, ಭಕ್ತಿ ಎರಡನ್ನೂ ಒಟ್ಟಿಗೆ ಅನುಭವಿಸಿದವರಿಗೆ ಇದು ಅಪರಿಚಿತವಾಗಬೇಕಿಲ್ಲ. ಅವರು ಟರ್ನಿಪ್ ಗೆಡ್ಡೆಯನ್ನು ಕೊರೆದು ಒಳಗೆ ದೀಪವಿಡುತ್ತಿದ್ದರು. 1840ರ ದಶಕದಲ್ಲಿ ಆಲೂಗೆಡ್ಡೆಯ ಬೆಳೆ ಕೊಳೆತು ಐರ್ಲೆಂಡಿನಲ್ಲಿ ಘೋರ ಕ್ಷಾಮ ಬಿತ್ತು. ಲಕ್ಷಗಟ್ಟಲೆ ಜನ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಅಲ್ಲಿ ಹೇರಳವಾಗಿ ಬೆಳೆಯುತ್ತಿದ್ದುದು ಸಿಹಿಗುಂಬಳ. ಊರಿನ ಗೆಡ್ಡೆಯೇ ಬೇಕೆಂದು ಹಟ ಹಿಡಿಯದೆ ಹೊಸ ನಾಡಿನ ಕುಂಬಳಕಾಯಿಯಲ್ಲಿ ಹಳೆಯ ದೀಪ ಹಚ್ಚಿದರು.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಇದು ವಲಸಿಗರ ಕಥೆಯಲ್ಲವೆ? ಹೊಟ್ಟೆಪಾಡಿಗಾಗಿ ಊರು ಬಿಟ್ಟು, ಹಬ್ಬವನ್ನು ಮಾತ್ರ ಬಿಡದೆ, ಸಿಕ್ಕಿದ ಸಾಮಗ್ರಿಯಲ್ಲಿ ಅದನ್ನು ಮತ್ತೆ ಕಟ್ಟಿಕೊಂಡವರ ಕಥೆ. ಬಂದರು, ಉಕ್ಕಿನ ಕಾರ್ಖಾನೆ, ರೈಲ್ವೆ, ಬ್ಯಾಂಕು, ಹೋಟೆಲು ಎಂದು ಈ ಎರಡು ನಗರಗಳಿಗೆ ಬಂದ ನಾವು ಅವರಿಂದ ಕಲಿಯಬೇಕಾದದ್ದು ಈ ಜಾಣ್ಮೆಯನ್ನು. ನಾವು ಕಲಿತದ್ದು ಡಬ್ಬಿ ತರಿಸುವುದನ್ನು.

ಇನ್ನೊಂದು ಸಂಗತಿ. ಸ್ಕಾಟ್ಲೆಂಡಿನ ಹಳೆಯ ಪದ್ಧತಿಯಲ್ಲಿ ವೇಷ ಹಾಕಿದ ಹುಡುಗರು ಮನೆಯ ಮುಂದೆ ನಿಂತು ಒಂದು ಹಾಡನ್ನೋ ಪದ್ಯವನ್ನೋ ಹೇಳಿದ ಮೇಲೆಯೇ ತಿಂಡಿ ಸಿಗುತ್ತಿತ್ತು. ನಮ್ಮಲ್ಲಿಗೆ ಬರುವಷ್ಟರಲ್ಲಿ ಪದ್ಯ ಉದುರಿಹೋಗಿ ಚಾಕೊಲೇಟು ಮಾತ್ರ ಉಳಿದಿದೆ. ಆದರೆ ಪದ್ಯ ಹೇಳಿ ಪಡೆಯುವ ಆ ಮರ್ಯಾದೆಯ ಪದ್ಧತಿ ನಮ್ಮಲ್ಲಿ ಇರಲಿಲ್ಲವೆ? ಕುಂದಾಪುರದ ಕಡೆಯವರನ್ನು ಕೇಳಿ. ನವರಾತ್ರಿಯಲ್ಲಿ ಮಕ್ಕಳು ಹೂವಿನಕೋಲು ಹಿಡಿದು, ಗುರುಗಳೊಡನೆ ಮನೆಮನೆಗೆ ಹೋಗಿ ಯಕ್ಷಗಾನದ ಅರ್ಥಗಾರಿಕೆ ಮಾಡುತ್ತಿದ್ದರು. ಹಳೆಯ ಮೈಸೂರು ಸೀಮೆಯಲ್ಲಿ ಮಹಾನವಮಿಗೆ ಶಾಲೆಯ ಮೇಷ್ಟರು ಹುಡುಗರ ದಂಡು ಕಟ್ಟಿಕೊಂಡು ಚೌಪದಿ ಹೇಳಿಸುತ್ತಿದ್ದರು. ಮಲೆನಾಡಿನಲ್ಲಿ ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ-ಪಂಟಿಗೆಯವರು ಹಚ್ಚಿದ ದೀಪ ಆರದಂತೆ ಕಾಪಾಡಿಕೊಂಡು, ಕತ್ತಲ ಕಾಲುದಾರಿಯಲ್ಲಿ ಮನೆಯಿಂದ ಮನೆಗೆ ಹಾಡುತ್ತ ನಡೆಯುತ್ತಾರೆ. ಮನೆಯವರು ದೀಪಕ್ಕೆ ಎಣ್ಣೆ ಎರೆಯುತ್ತಾರೆ, ಅಕ್ಕಿ-ಕಾಸು ಕೊಡುತ್ತಾರೆ. ಮಂಗಳೂರು ಕಡೆ ಮಾರ್ನಮಿಗೆ ಹುಲಿ, ಕರಡಿ ವೇಷಗಳು ಅಂಗಳಕ್ಕೆ ಬಂದಾಗ ಅಮ್ಮನ ಸೆರಗಿನ ಹಿಂದೆ ಅಡಗಿದವರು ಇಂದಿಗೂ ನಮ್ಮ ಸಂಘದಲ್ಲಿದ್ದಾರೆ. ಆಂಧ್ರದವರದೂ ಇದೇ ಕಥೆ. ದಸರೆಗೆ ಇಲ್ಲಿನ ಪಂತುಲುಗಾರು ಶಿಷ್ಯರ ಕೈಗೆ ಬಿಲ್ಲು ಕೊಟ್ಟು ಮನೆಮನೆಯ ಮುಂದೆ ಪದ್ಯ ಹೇಳಿಸಿದರೆ, ಗುರುಗಳಿಗೆ ದಕ್ಷಿಣೆ, ಹುಡುಗರಿಗೆ ಪಪ್ಪು-ಬೆಲ್ಲ.

ಹೆದರಿಕೆಯ ಆಟವೂ ನಮಗೆ ಹೊಸದಲ್ಲ. ಹೊಲದ ಬೆರ್ಚಪ್ಪ, ಕಟ್ಟುತ್ತಿರುವ ಮನೆಗೆ ತೂಗುಹಾಕುವ ದೃಷ್ಟಿಬೊಂಬೆ, ಇಲ್ಲಿನ ಅಂಗಡಿಗಳ ಬಾಗಿಲಲ್ಲಿ ಅರಿಶಿನ ಕುಂಕುಮ ಬಳಿದುಕೊಂಡು ನೇತಾಡುವ ಬೂದುಗುಂಬಳ, ಇವೆಲ್ಲ ಯಾವ ವಿಲಾಯಿತಿಯಿಂದ ಬಂದವು? 1990ರ ದಶಕದಲ್ಲಿ ಕರ್ನಾಟಕದ ಊರೂರುಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ದಿನವೂ ವಾಪಸು ಕಳುಹಿಸಿದರು. ತೆಲುಗಿನವರು ‘ಓ ಸ್ತ್ರೀ ರೇಪು ರಾ’ ಎಂದು ಬರೆದರು. ಕಡತವನ್ನು ‘ನಾಳೆ ಬಾ’ ಎಂದು ಮುಂದೂಡುವ ನಮ್ಮಂಥ ಗುಮಾಸ್ತರಿಗೆ ಈ ವಿದ್ಯೆ ದೆವ್ವಕ್ಕೂ ಅನ್ವಯಿಸುತ್ತದೆಂದು ತಿಳಿದು ಆಗ ಸಂತೋಷವೇ ಆಗಬೇಕಿತ್ತು!

‘ಅದೆಲ್ಲ ಊರಿನಲ್ಲಿ ಸರಿ, ಇಲ್ಲಿ ಸಾಮಾನೆಲ್ಲಿ ಸಿಗುತ್ತದೆ?’ ಎಂಬ ಆಕ್ಷೇಪ ಬರುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮನ್ನು ನೋಡಿಯೇ ಹುಟ್ಟಿರಬೇಕು. ವಿಜಯವಾಡದಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ ಕೊಂಡಪಲ್ಲಿ ಇದೆ. ತೆಲ್ಲ ಪೊನಿಕಿ ಎಂಬ ಹಗುರ ಮರದಲ್ಲಿ ಕೈಕಾಲುಗಳನ್ನು ಬೇರೆ ಬೇರೆ ಕೆತ್ತಿ, ಹುಣಸೆಬೀಜದ ಪುಡಿ ಮತ್ತು ಮರದ ಹೊಟ್ಟಿನ ಅಂಟಿನಿಂದ ಕೂಡಿಸಿ ಬೊಂಬೆ ಮಾಡುತ್ತಾರೆ. ವಿಶಾಖಪಟ್ಟಣದ ದಕ್ಷಿಣಕ್ಕೆ ವರಾಹ ನದಿಯ ದಂಡೆಯಲ್ಲಿ ಏಟಿಕೊಪ್ಪಾಕ ಇದೆ. 2022ರಿಂದ ಅದು ಅನಕಾಪಲ್ಲಿ ಜಿಲ್ಲೆಗೆ ಸೇರಿದೆ. ಅಲ್ಲಿ ಅಂಕುಡು ಮರವನ್ನು ಕಡೆದು ಅರಗಿನ ಬಣ್ಣ ಏರಿಸುತ್ತಾರೆ. ಗಿಡಮೂಲಿಕೆಯ ಬಣ್ಣಗಳನ್ನು ಮತ್ತೆ ಬಳಕೆಗೆ ತಂದ ಅಲ್ಲಿನ ಸಿ. ವಿ. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. 2025ರ ಗಣರಾಜ್ಯೋತ್ಸವದಲ್ಲಿ ಆಂಧ್ರದ ಸ್ತಬ್ಧಚಿತ್ರವಾಗಿ ದೆಹಲಿಯ ಕರ್ತವ್ಯ ಪಥದಲ್ಲಿ ಸಾಗಿದ್ದು ಈ ಬೊಂಬೆಗಳೇ. ಈಗ ಕೇಳಿ. ಅಂಕುಡು ಮರವೆಂದರೆ ಬೇರೆ ಯಾವುದೂ ಅಲ್ಲ, ನಮ್ಮ ಚನ್ನಪಟ್ಟಣದ ಬೊಂಬೆಯ ಆಲೆಮರವೇ. ಎರಡಕ್ಕೂ ಸಸ್ಯಶಾಸ್ತ್ರದ ಹೆಸರು ಒಂದೇ, ರೈಟಿಯಾ ಟಿಂಕ್ಟೋರಿಯಾ. ಚನ್ನಪಟ್ಟಣ ದೂರವಾಯಿತೆಂದು ಮರುಗುವವರು ಮನೆಯಿಂದ ಒಂದು ಹಗಲಿನ ಪ್ರಯಾಣದಲ್ಲಿ ಅದೇ ಮರದ ಬೊಂಬೆಯನ್ನು ಮುಟ್ಟಿ ಬರಬಹುದು.

ಆದರೂ ನಮ್ಮ ಒತ್ತಾಯ ಬೊಂಬೆ ಕೊಳ್ಳಿರೆಂದಲ್ಲ, ಮನೆಯಲ್ಲಿ ಮಾಡಿರೆಂದು. ವಿಜ್ಞಾನದ ಪದವಿ ಪಡೆದು ಕಡತಕ್ಕೆ ದಾರ ಕಟ್ಟುತ್ತ ಕುಳಿತ ನಮಗೆ ಕಲಿತ ವಿದ್ಯೆ ಉಪಯೋಗಕ್ಕೆ ಬರುವುದು ಇಂಥ ಕಡೆಗಳಲ್ಲೇ. ಕೆಲವು ಸುಲಭ ವಿಧಾನಗಳನ್ನು ಹೇಳುತ್ತೇವೆ.

ಮೊದಲು ಗೂಡುದೀಪ. ಸಮ ಉದ್ದದ 12 ಬಿದಿರು ಕಡ್ಡಿ ಬೇಕು, ಏಕೆಂದರೆ ಘನಾಕೃತಿಗೆ 12 ಅಂಚು, 8 ಮೂಲೆ. ಮಗುವೇ ಎಣಿಸಲಿ. ಮೂಲೆಗಳನ್ನು ದಾರದಿಂದ ಬಿಗಿದು, ನಾಲ್ಕು ಪಕ್ಕಕ್ಕೆ ಗಾಳಿಪಟದ ಕಾಗದವನ್ನು ಮೈದಾ ಅಂಟಿನಿಂದ ಹಚ್ಚಿ, ಮೇಲೂ ಕೆಳಗೂ ತೆರೆದು ಬಿಡಿ. ಕಪ್ಪು ಕಾಗದದಲ್ಲಿ ರಕ್ಕಸನ ಮುಖ ಕತ್ತರಿಸಿ ಒಂದು ಪಕ್ಕಕ್ಕೆ ಅಂಟಿಸಿದರೆ, ಒಳಗೆ ಸಣ್ಣ ಬಲ್ಬು ಹತ್ತಿದೊಡನೆ ರಕ್ಕಸ ಕಣ್ಣು ಬಿಡುತ್ತಾನೆ. ಹ್ಯಾಲೋವೀನಿಗೂ ಆಯಿತು, ದೀಪಾವಳಿಗೂ ಆಯಿತು.

ಎರಡನೆಯದು ಕುಂಬಳಕಾಯಿ. ಕತ್ತಿ ದೊಡ್ಡವರ ಕೈಯಲ್ಲಿರಲಿ, ಚಮಚ ಮಕ್ಕಳ ಕೈಯಲ್ಲಿರಲಿ. ತೊಟ್ಟಿನ ಕಡೆ ಮುಚ್ಚಳದಂತೆ ಕೊಯ್ದು ತಿರುಳು ತೆಗೆಯಿರಿ. ತಿರುಳು ಹುಳಿಗೆ, ಬೀಜ ತೊಳೆದು ಒಣಗಿಸಿ ಹುರಿದರೆ ಸಂಜೆಯ ತಿಂಡಿಗೆ. ದೀಪವಿಡುವುದಾದರೆ ಮುಚ್ಚಳದಲ್ಲಿ ಒಂದು ತೂತು ಇರಲೇಬೇಕು. ಬಿಸಿಗಾಳಿ ಮೇಲಕ್ಕೆ ಹೋಗಿ ಹೊಸ ಗಾಳಿ ಒಳಗೆ ಬಾರದಿದ್ದರೆ ದೀಪ ಆರುತ್ತದೆ. ಏಕೆ ಆರಿತೆಂದು ಮಗು ಕೇಳಿದರೆ ಆಮ್ಲಜನಕದ ಪಾಠ ಅಲ್ಲಿಯೇ ಮುಗಿಯಿತು.

ಮೂರನೆಯದು ಮುಖವಾಡ. ಊದಿದ ಬಲೂನಿನ ಒಂದು ಮಗ್ಗುಲಿಗೆ ಮೈದಾ ಅಂಟಿನಲ್ಲಿ ಅದ್ದಿದ ಹಳೆಯ ಪೇಪರಿನ ಚೂರುಗಳನ್ನು ನಾಲ್ಕೈದು ಪದರ ಹಚ್ಚಿ. ನಮ್ಮ ಕರಾವಳಿಯ ತೇವದ ಗಾಳಿಗೆ ಬೇಗ ಒಣಗುವುದಿಲ್ಲ, ಆದ್ದರಿಂದ ಅವಸರ ಬೇಡ. ದಿನಕ್ಕೊಂದು ಪದರ ಸಾಕು. ಒಣಗಿದ ಮೇಲೆ ಬಲೂನು ಒಡೆದು ಕಣ್ಣು ಕೊರೆಯಿರಿ.

ನಾಲ್ಕನೆಯದು ಭೂತದ ಕಾಗದ. ಅರಿಶಿನವನ್ನು ನೀರಿನಲ್ಲಿ ಕದಡಿ ಬಿಳಿಯ ಹಾಳೆಗೆ ಬಳಿದು ಒಣಗಿಸಿ. ಕಡ್ಡಿಗೆ ಹತ್ತಿ ಸುತ್ತಿ, ಬಟ್ಟೆ ಸೋಪಿನ ನೀರಿನಲ್ಲಿ ಅದ್ದಿ ಬರೆದರೆ ಅಕ್ಷರಗಳು ರಕ್ತಗೆಂಪಾಗಿ ಮೂಡುತ್ತವೆ. ಕ್ಷಾರ ತಗುಲಿದರೆ ಅರಿಶಿನ ಕೆಂಪಾಗುವುದೆಂಬ ಈ ರಸಾಯನಶಾಸ್ತ್ರವನ್ನು ನಮ್ಮ ಅಜ್ಜಿಯರು ಆರತಿಯ ತಟ್ಟೆಯಲ್ಲಿ ಸುಣ್ಣ ಬೆರೆಸಿ ಓಕುಳಿ ಮಾಡುವಾಗಲೇ ಬಲ್ಲವರಾಗಿದ್ದರು. ಬರೆಯುವುದನ್ನು ಕನ್ನಡದಲ್ಲೇ ಬರೆಯಿಸಿ. ಕಾಪಿ ಪುಸ್ತಕದಲ್ಲಿ ಎರಡು ಸಾಲಿಗೆ ಮುಖ ತಿರುಗಿಸುವ ಮಗು, ಭೂತದ ಕಾಗದವೆಂದರೆ ಒತ್ತಕ್ಷರವನ್ನೂ ಬಿಡದೆ ಎರಡು ಪುಟ ಬರೆಯುತ್ತದೆ.

ಐದನೆಯದು ತೊಗಲುಗೊಂಬೆಯ ಆಟದ ಬಡ ತಮ್ಮ, ರಟ್ಟಿನ ಬೊಂಬೆ. ಅಡ್ಡ ಕಟ್ಟಿದ ಬಿಳಿ ಪಂಚೆ, ಹಿಂದೆ ಒಂದು ದೀಪ, ಕಡ್ಡಿಗೆ ಅಂಟಿಸಿದ ರಟ್ಟಿನ ಘಟೋತ್ಕಚ, ಇಷ್ಟೇ ಸಾಕು. ಬೊಂಬೆ ದೀಪದ ಹತ್ತಿರ ಬಂದಷ್ಟೂ ನೆರಳು ದೊಡ್ಡದಾಗುತ್ತದೆ. ಕೊಪ್ಪಳ ಜಿಲ್ಲೆಯ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಈ ಕಲೆಗಾಗಿ 2025ರಲ್ಲಿ ಪದ್ಮಶ್ರೀ ಸಂದಿತೆಂದು ಆಗ ಮಕ್ಕಳಿಗೆ ಹೇಳಿ.

‘ಸಮಯ ಎಲ್ಲಿದೆ?’ ಎಂಬುದು ಕೊನೆಯ ಆಕ್ಷೇಪ. ಇದಕ್ಕೆ ನಮ್ಮ ಬಳಿ ಮೃದುವಾದ ಉತ್ತರವಿಲ್ಲ. ಫೋನಿನಲ್ಲಿ ವೇಷ ಹುಡುಕಿ, ಅಳತೆ ಸರಿಯಿಲ್ಲವೆಂದು ವಾಪಸು ಮಾಡಿ, ಮತ್ತೊಂದು ತರಿಸುವುದಕ್ಕೆ ಹಿಡಿಯುವ ಹೊತ್ತಿನಲ್ಲಿ ಎರಡು ಗೂಡುದೀಪ ಕಟ್ಟಬಹುದು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣವನ್ನು ಜರ್ಜರಿತ ಮಾಡಿ ದಿನಗಟ್ಟಲೆ ವಿದ್ಯುತ್ತಿಲ್ಲದಂತಾದಾಗ ಇದೇ ಜನ, ಇದೇ ಸಮಯವಿಲ್ಲದವರು, ಸಂಜೆಯಾದರೆ ಮೇಣದ ಬತ್ತಿಯ ಸುತ್ತ ಮಕ್ಕಳೊಡನೆ ಕುಳಿತು ಕಥೆ ಹೇಳಿದರು, ಗೋಡೆಯ ಮೇಲೆ ಕೈಬೆರಳಿನ ನೆರಳಿನಲ್ಲಿ ಮೊಲ, ಜಿಂಕೆ ಮಾಡಿ ತೋರಿಸಿದರು. ಕರೆಂಟು ಬಂದೊಡನೆ ಆ ಸಮಯ ಎಲ್ಲಿ ಹೋಯಿತು?

ಈಗ ಸಂಘದ ಕಡೆ ತಿರುಗುತ್ತೇವೆ, ಏಕೆಂದರೆ ಶಾಲೆಗೆ ಬುದ್ಧಿ ಹೇಳುವ ಮೊದಲು ನಮ್ಮ ವೇದಿಕೆಯನ್ನೂ ನೋಡಿಕೊಳ್ಳಬೇಕು. ಹೋದ ರಾಜ್ಯೋತ್ಸವಕ್ಕೆ ಥರ್ಮೋಕೋಲಿನ ಅಕ್ಷರ, ಪ್ಲಾಸ್ಟಿಕ್ಕಿನ ತೋರಣ, ಬಾಡಿಗೆಯ ಬೆಳಕು. ಮಕ್ಕಳು ಕೈಯಿಂದ ಮಾಡಿದ್ದು ಒಂದೂ ಇರಲಿಲ್ಲ. ಆದ್ದರಿಂದ ಮಕ್ಕಳೂ ಹೆಚ್ಚು ಇರಲಿಲ್ಲ. ಅಕ್ಟೋಬರ್ 31ರ ಮಾರನೆಯ ದಿನವೇ ನವೆಂಬರ್ 1. 1956ರ ಆ ದಿನ ಕನ್ನಡನಾಡು ಒಂದಾಯಿತು, ಅದೇ ದಿನ ಆಂಧ್ರಪ್ರದೇಶವೂ ಹುಟ್ಟಿತು. 2024ರಲ್ಲಂತೂ ದೀಪಾವಳಿಯೂ 31ಕ್ಕೇ ಬಂದಿತ್ತು. ಮೂರು ಸಂಭ್ರಮಗಳನ್ನು ಪಂಚಾಂಗವೇ ಒಟ್ಟಿಗೆ ತಂದುಕೊಟ್ಟಿರುವಾಗ ಒಂದನ್ನು ನಿಷೇಧಿಸುತ್ತ, ಇನ್ನೊಂದಕ್ಕೆ ಬಾಡಿಗೆ ಕಟ್ಟುತ್ತ ಕೂರುವುದು ಜಾಣತನವಲ್ಲ.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ಮೂರು ಬೇಡಿಕೆ ಇಡುತ್ತಿದ್ದೇವೆ. ಒಂದು, ಸದಸ್ಯರ ಮಕ್ಕಳು ಓದುವ ಶಾಲೆಗಳಿಗೆ ಸಂಘದಿಂದ ಪತ್ರ ಬರೆಯಬೇಕು: ವೇಷ ಇರಲಿ, ಆದರೆ ಮನೆಯಲ್ಲಿ ಮಾಡಿದ ವೇಷಕ್ಕೆ ಮಾತ್ರ ಅವಕಾಶವಿರಲಿ, ಆಗ ಯಾವ ಮಗುವೂ ಜ್ವರದ ಚೀಟಿ ತರಬೇಕಾಗುವುದಿಲ್ಲ. ಎರಡು, ಅಕ್ಟೋಬರಿನ ಕೊನೆಯ ಎರಡು ಭಾನುವಾರ ಬೆಳಿಗ್ಗೆ ಎರಡೂ ಊರುಗಳಲ್ಲಿ ಮಕ್ಕಳನ್ನೂ ಅಜ್ಜ-ಅಜ್ಜಿಯರನ್ನೂ ಒಟ್ಟಿಗೆ ಕೂರಿಸಿ ಗೂಡುದೀಪ, ಮುಖವಾಡ ಮಾಡಿಸಬೇಕು. ಮೂರು, ಆ ದೀಪಗಳೇ ರಾಜ್ಯೋತ್ಸವದ ಸಭಾಂಗಣದಲ್ಲಿ ತೂಗಬೇಕು. ತಿಂಡಿ ಬೇಕಾದ ಮಗು ಒಂದು ಕನ್ನಡ ಪದ್ಯ ಹೇಳಿ ಪಡೆಯಬೇಕು.

ಇದಕ್ಕೆ ಖರ್ಚೆಷ್ಟೆಂದು ಖಜಾಂಚಿಯವರು ಕೇಳಿಯೇ ಕೇಳುತ್ತಾರೆ. ಬಿದಿರು ಕಡ್ಡಿ, ಬಣ್ಣದ ಕಾಗದ, ದಾರ, ಇಷ್ಟೇ. ಹಳೆಯ ಪೇಪರು ಪ್ರತಿ ಮನೆಯಲ್ಲೂ ಇದೆ. ಅಂಟಿಗೆ ಬೇಕಾದ ಮೈದಾ ಹಿಟ್ಟನ್ನು ನಾವು ತರುತ್ತೇವೆ.